ಕಂಚಲ್ಲದ ಕಂಚಿನ ಕೊಡಲಿ

1991ರ ಸೆಪ್ಟೆಂಬರ್ 19ರಂದು ಆಸ್ಟ್ರಿಯ–ಇಟಲಿ ಗಡಿಯ ಆಲ್ಪ್ಸ್ ಪರ್ವತಗಳಲ್ಲಿ, ಸಮುದ್ರಮಟ್ಟದಿಂದ 3210 ಮೀಟರ್ ಎತ್ತರದ ಟಿಸೆನ್‌ಯೋಖ್ ಎಂಬ ಕಂಡಿಯ ಬಳಿ, ಜರ್ಮನಿಯ ಹೆಲ್ಮುಟ್ ಮತ್ತು ಎರಿಕಾ ಸೈಮನ್ ದಂಪತಿಗೆ ಕರಗುತ್ತಿದ್ದ ಹಿಮದಲ್ಲಿ ಅರ್ಧ ಹುದುಗಿದ್ದ ಶವವೊಂದು ಕಾಣಿಸಿತು. ಯಾರೋ ಚಾರಣಿಗ ದಾರಿತಪ್ಪಿ ಸತ್ತಿರಬೇಕೆಂದು ಎಲ್ಲರೂ ಭಾವಿಸಿದರು. ಮರುದಿನ ಬಂದ ಪೊಲೀಸರು ಗಾಳಿಯೊತ್ತಡದ ಉಳಿಯಂತ್ರದಿಂದ ಹಿಮ ಒಡೆಯಲು ಹೋಗಿ ಶವದ ಸೊಂಟದ ಭಾಗಕ್ಕೆ ಹಾನಿ ಮಾಡಿದರು. ಹವೆ ಕೆಟ್ಟದ್ದರಿಂದ ಕೆಲಸ ಅಲ್ಲಿಗೇ ನಿಂತಿತು. ಆದರೆ ಹಿಂದಿರುಗುವಾಗ ಹತ್ತಿರದಲ್ಲಿ ಸಿಕ್ಕಿದ ವಿಚಿತ್ರವಾದ ಕೊಡಲಿಯೊಂದನ್ನು ಜೊತೆಗೆ ಒಯ್ದರು. ಈ ಲೇಖನ ಆ ಕೊಡಲಿಯನ್ನು ಕುರಿತದ್ದು. 'ಓಟ್ಸಿ' ಎಂದು ಹೆಸರಾದ ಆ ಹಿಮಮಾನವನ ಬಗ್ಗೆ ಬೇಕಾದಷ್ಟು ಬರೆಹಗಳು ಬಂದಿವೆ. ಭೌತವಿಜ್ಞಾನಿಗೆ ಅವನ ಕೊಡಲಿಯೇ ಹೆಚ್ಚು ಸ್ವಾರಸ್ಯಕರ.

ಸೆಪ್ಟೆಂಬರ್ 24ರಂದು ಇನ್ಸ್‌ಬ್ರುಕ್ ವಿಶ್ವವಿದ್ಯಾಲಯದ ಪುರಾತತ್ತ್ವ ಪ್ರಾಧ್ಯಾಪಕ ಕೊನ್ರಾಡ್ ಸ್ಪಿಂಡ್ಲರ್ ಶವವನ್ನೂ ಅದರ ಸಾಮಗ್ರಿಯನ್ನೂ ನೋಡಿದರು. ಕೊಡಲಿಯ ಮೇಲೆ ಕಣ್ಣು ಬಿದ್ದೊಡನೆ, ಇದು ಕನಿಷ್ಠ 4000 ವರ್ಷ ಹಳೆಯದು ಎಂದರು. ಸುಮಾರು 60 ಸೆಂ.ಮೀ. ಉದ್ದದ ಯೂ ಮರದ ಕಾವು, ಅದರ ಸೀಳಿಗೆ ಬರ್ಚ್ ಮರದ ಅಂಟಿನಿಂದ ಕೂರಿಸಿ ಚರ್ಮದ ಪಟ್ಟಿಯಿಂದ ಬಿಗಿದ 9.5 ಸೆಂ.ಮೀ. ಉದ್ದದ ಲೋಹದ ಅಲಗು. ಅಲಗಿನ ಎರಡೂ ಅಂಚುಗಳು ಸ್ವಲ್ಪವೇ ಉಬ್ಬಿಕೊಂಡಿವೆ. ಇಂಥ ಅಂಚುಗಟ್ಟಿನ ಅಲಗುಗಳು ಆಲ್ಪ್ಸ್ ಪ್ರದೇಶದಲ್ಲಿ ಕಂಚಿನ ಯುಗದ ಆರಂಭಕಾಲದವು ಎಂಬುದು ಆಗಿನ ತಿಳಿವಳಿಕೆ. ಆಕಾರ ನೋಡಿ ಲೋಹವನ್ನೂ, ಲೋಹದಿಂದ ಕಾಲವನ್ನೂ ಊಹಿಸಿದ್ದಾಯಿತು. ಇದು ಅವಸರದ ಮಾತೇನಲ್ಲ. ನೂರಾರು ಅಲಗುಗಳನ್ನು ಹೋಲಿಸಿ ಕಟ್ಟಿದ ವರ್ಗೀಕರಣವನ್ನು ಆಧರಿಸಿದ ತೀರ್ಮಾನ. ಆಧುನಿಕ ಚಾರಣಿಗನೆಂದುಕೊಂಡಿದ್ದ ಶವವನ್ನು ಇತಿಹಾಸಪೂರ್ವ ಕಾಲಕ್ಕೆ ಕೊಂಡೊಯ್ದದ್ದು ಈ ತೀರ್ಮಾನವೇ.

ಆದರೆ ಅದು ಕಂಚಾಗಿರಲಿಲ್ಲ.

ಮನೆಯಲ್ಲಿ ಕಂಚಿನ ಗಂಟೆಯನ್ನೂ ತಾಮ್ರದ ಚೊಂಬನ್ನೂ ಬಡಿದು ನೋಡಿದವರಿಗೆ ವ್ಯತ್ಯಾಸ ಕಿವಿಗೇ ತಿಳಿಯುತ್ತದೆ. ಸಾವಿರಾರು ವರ್ಷ ಹಿಮದಲ್ಲಿದ್ದು ಕಿಲುಬುಗಟ್ಟಿದ ಅಲಗನ್ನು ಹಾಗೆ ಬಡಿದು ನೋಡುವಂತಿಲ್ಲ. ಕಂಚು ಎಂದರೆ ತಾಮ್ರ ಮತ್ತು ತವರಗಳ ಮಿಶ್ರಲೋಹ. ತವರವಿದೆಯೇ ಇಲ್ಲವೇ ಎಂಬುದನ್ನು ವಸ್ತುವಿಗೆ ಘಾಸಿಯಾಗದಂತೆ ಹೇಳಬಲ್ಲದ್ದು ಎಕ್ಸ್-ಕಿರಣ ಪ್ರತಿದೀಪ್ತಿ ವಿಧಾನ. ಎಕ್ಸ್-ಕಿರಣ ಬಿದ್ದಾಗ ಪರಮಾಣುವಿನ ಒಳಕವಚದ ಎಲೆಕ್ಟ್ರಾನೊಂದು ಹೊರಬೀಳುತ್ತದೆ. ಆ ತೆರವನ್ನು ಹೊರಕವಚದ ಎಲೆಕ್ಟ್ರಾನು ತುಂಬುವಾಗ ಹೊಸ ಎಕ್ಸ್-ಕಿರಣ ಹೊಮ್ಮುತ್ತದೆ. ಅದರ ಶಕ್ತಿ ಆ ಧಾತುವಿನ ಗುರುತು. ತಾಮ್ರದ ಪ್ರಮುಖ ರೇಖೆ ಸುಮಾರು 8 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ, ತವರದ್ದು ಸುಮಾರು 25ರಲ್ಲಿ. ಇವೆರಡನ್ನು ಗೊಂದಲ ಮಾಡಿಕೊಳ್ಳಲು ಸಾಧ್ಯವೇ ಇಲ್ಲ. ಓಟ್ಸಿಯ ಅಲಗಿನಲ್ಲಿ ಕಂಡದ್ದು ಶೇಕಡ 99ಕ್ಕೂ ಮಿಗಿಲಾದ ತಾಮ್ರ, ಉಳಿದದ್ದು ಅತ್ಯಲ್ಪ ಆರ್ಸೆನಿಕ್ ಮತ್ತು ಬೆಳ್ಳಿ.

ಹಾಗಾದರೆ ಕಾಲ? ಲೋಹದಲ್ಲಿ ಇಂಗಾಲವಿಲ್ಲವಾದ್ದರಿಂದ ಕೊಡಲಿಯ ಅಲಗು ತನ್ನ ವಯಸ್ಸನ್ನು ತಾನೇ ಹೇಳಲಾರದು. ಶವದ ಅಂಗಾಂಶ ಹಾಗೂ ಜೊತೆಗಿದ್ದ ಹುಲ್ಲಿನ ಚೂರುಗಳನ್ನು ಬೇರೆಬೇರೆ ದೇಶಗಳ ಪ್ರಯೋಗಾಲಯಗಳು ಪರೀಕ್ಷಿಸಿದವು. ಹಳೆಯ ಪದ್ಧತಿಯಲ್ಲಿ ಕಾರ್ಬನ್-14 ಕ್ಷಯಿಸುವುದನ್ನು ಕಾದು ಎಣಿಸಬೇಕಿತ್ತು, ಅದಕ್ಕೆ ಗ್ರಾಮ್‌ಗಟ್ಟಲೆ ಇಂಗಾಲ ಬೇಕು. ವೇಗೋತ್ಕರ್ಷಕವನ್ನು ಬಳಸುವ ಹೊಸ ವಿಧಾನದಲ್ಲಿ ಪರಮಾಣುಗಳನ್ನೇ ನೇರವಾಗಿ ಎಣಿಸುವುದರಿಂದ ಕೆಲವು ಮಿಲಿಗ್ರಾಮ್ ಸಾಕು. ಬಂದ ಉತ್ತರ ಸುಮಾರು 4550 ರೇಡಿಯೋ ಕಾರ್ಬನ್ ವರ್ಷ. ಅಂದರೆ ಮೂಲ ಕಾರ್ಬನ್-14ರಲ್ಲಿ ಸುಮಾರು ಶೇಕಡ 57 ಉಳಿದಿತ್ತು. ಅವನು 4000 ವರ್ಷಗಳ ಹಿಂದಿನವನಾಗಿದ್ದರೆ ಇನ್ನೂ ಕೆಲವು ಅಂಶ ಹೆಚ್ಚು ಉಳಿದಿರಬೇಕಿತ್ತು. ಒಂದು ಇಡೀ ಯುಗದ ಅಂತರ ಈ ಕೆಲವೇ ಅಂಶಗಳಲ್ಲಿದೆ!

ವಾಯುಮಂಡಲದಲ್ಲಿ ಕಾರ್ಬನ್-14ರ ಪ್ರಮಾಣ ಎಲ್ಲ ಕಾಲಕ್ಕೂ ಒಂದೇ ಆಗಿರಲಿಲ್ಲ. ಹೀಗಾಗಿ ಈ ಸಂಖ್ಯೆಯನ್ನು ಮರಗಳ ವಾರ್ಷಿಕ ಉಂಗುರಗಳಿಂದ ಸಿದ್ಧಪಡಿಸಿದ ತಿದ್ದುಪಡಿ ರೇಖೆಯ ಮೇಲಿಟ್ಟು ಕ್ಯಾಲೆಂಡರ್ ವರ್ಷಕ್ಕೆ ಪರಿವರ್ತಿಸಬೇಕು. ದುರದೃಷ್ಟಕ್ಕೆ ಆ ಕಾಲಾವಧಿಯಲ್ಲಿ ರೇಖೆ ಏರಿಳಿದು ಬಳುಕುತ್ತದೆ. ಒಂದೇ ಮೌಲ್ಯ ಅದನ್ನು ಹಲವೆಡೆ ಸಂಧಿಸುತ್ತದೆ. ಅಳತೆ ಎಷ್ಟೇ ನಿಖರವಾದರೂ ಕ್ರಿ.ಪೂ. 3350ರಿಂದ 3100 ಎಂಬ ಅವಧಿಯನ್ನು ಇನ್ನಷ್ಟು ಕಿರಿದಾಗಿಸುವುದು ಕಷ್ಟ. ಅದು ತಾಮ್ರಯುಗ, ಆ ಪ್ರದೇಶಕ್ಕೆ ಕಂಚು ಬರಲು ಇನ್ನೂ ಸಾವಿರ ವರ್ಷವಿತ್ತು.

ಇದರ ಪರಿಣಾಮ ಕೊಡಲಿಯೊಂದಕ್ಕೇ ಸೀಮಿತವಾಗಲಿಲ್ಲ. ಉತ್ತರ ಇಟಲಿಯ ರೆಮೆಡೆಲ್ಲೊ ಎಂಬಲ್ಲಿ 19ನೆಯ ಶತಮಾನದಲ್ಲಿ ಅಗೆದ ಸ್ಮಶಾನದ ಗೋರಿಯೊಂದರಲ್ಲಿ ಇದೇ ಆಕಾರದ ತಾಮ್ರದ ಅಲಗು ದೊರೆತಿತ್ತು. ಓಟ್ಸಿಯ ಕಾಲ ಖಚಿತವಾದ ಮೇಲೆ ರೆಮೆಡೆಲ್ಲೊ ಸಂಸ್ಕೃತಿಯ ಆರಂಭವನ್ನೂ ಕೆಲವು ಶತಮಾನಗಳಷ್ಟು ಹಿಂದಕ್ಕೆ ಸರಿಸಬೇಕಾಯಿತು. ಅಂಚುಗಟ್ಟಿನ ಅಲಗು ಕಂಡಲ್ಲೆಲ್ಲ 'ಕಂಚಿನ ಯುಗ' ಎಂಬ ಚೀಟಿ ಅಂಟಿಸುವುದು ಅಲ್ಲಿಗೆ ಮುಗಿಯಿತು.

ಮೆತ್ತಗಿನ ತಾಮ್ರದ ಕೊಡಲಿಯಿಂದ ಏನು ಪ್ರಯೋಜನ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ತವರ ಬೆರೆತ ಕಂಚು ಹೆಚ್ಚು ಗಡಸು. ಶೇಕಡ 10 ತವರವಿದ್ದರೆ 1085 ಡಿಗ್ರಿ ಸೆಲ್ಸಿಯಸ್ ಬದಲು ಸುಮಾರು 1000 ಡಿಗ್ರಿಯಲ್ಲೇ ಪೂರ್ತಿ ಕರಗುತ್ತದೆ, ಅಚ್ಚಿಗೆ ಸಲೀಸಾಗಿ ಹರಿಯುತ್ತದೆ. ಇದೆಲ್ಲ ನಿಜ. ಆದರೆ ಬಡಿದಾಗ ಸ್ಫಟಿಕಗಳಲ್ಲಿನ ದೋಷಗಳು ಹೆಚ್ಚಿ ತಾಮ್ರದ ಅಂಚೂ ಗಟ್ಟಿಯಾಗುತ್ತದೆ. ಇದೇ ಮಾದರಿಯ ಕೊಡಲಿಯಿಂದ ಯೂ ಮರವೊಂದನ್ನು 35 ನಿಮಿಷದಲ್ಲಿ, ನಡುವೆ ಮಸೆಯದೆಯೇ, ಕಡಿದುರುಳಿಸಿದ ಪ್ರಯೋಗವಿದೆ.

2017ರಲ್ಲಿ ಇನ್ನೊಂದು ಅಚ್ಚರಿ ಹೊರಬಿತ್ತು. ತಾಮ್ರದೊಳಗಿನ ಸೂಕ್ಷ್ಮ ಪ್ರಮಾಣದ ಸೀಸದ ಐಸೋಟೋಪುಗಳನ್ನು ಇಟಲಿಯ ವಿಜ್ಞಾನಿಗಳು ಅಳೆದರು. ಸೀಸ-206, 207, 208 ಕ್ರಮವಾಗಿ ಯುರೇನಿಯಂ-238, ಯುರೇನಿಯಂ-235 ಮತ್ತು ಥೋರಿಯಂ-232ರ ಕ್ಷಯದಿಂದ ಕೂಡುತ್ತ ಹೋಗುತ್ತವೆ; ಸೀಸ-204 ಹಾಗೆ ಹೆಚ್ಚುವುದಿಲ್ಲ. ಅದುರು ಹುಟ್ಟಿದ ಕಾಲ, ಸ್ಥಳಗಳಿಗೆ ತಕ್ಕಂತೆ ಇವುಗಳ ಅನುಪಾತ ಬೇರೆಬೇರೆ. ಕರಗಿಸಿ ಎರಕ ಹೊಯ್ದರೂ ಆ ಅನುಪಾತ ಬದಲಾಗುವುದಿಲ್ಲ. ಪಕ್ಕದಲ್ಲೇ ಆಲ್ಪ್ಸ್‌ನ ತಾಮ್ರದ ಅದುರುಗಳಿದ್ದರೂ ಓಟ್ಸಿಯ ಅಲಗು ಹೊಂದಿದ್ದು ಸುಮಾರು 400 ಕಿ.ಮೀ. ದಕ್ಷಿಣದ ಟಸ್ಕನಿಯ ಅದುರಿನೊಡನೆ. ಬಂದದ್ದು ಲೋಹದ ಗಟ್ಟಿಯೋ ಸಿದ್ಧ ಅಲಗೋ ಎಂಬುದನ್ನು ಮಾತ್ರ ಸೀಸ ಹೇಳಲಾರದು. ಎರಡಕ್ಕೂ ಅದರ ಸಾಕ್ಷ್ಯ ಒಂದೇ.