ಅಲ್ಯೂಮಿನಿಯಮ್ಮೋ, ಕಾರ್ಬನ್ನೋ? ಸೈಕಲ್ ಚೌಕಟ್ಟಿನ ಚರಿತ್ರೆ

ಬೀದರ್ ಪೇಟೆಯಿಂದ ಪೂರ್ವಕ್ಕೆ ಸುಮಾರು ಮೂರು ಕಿಲೋಮೀಟರು ಸೈಕಲ್ ತುಳಿದರೆ ಅಷ್ಟೂರ ಸಿಗುತ್ತದೆ. ಬಹಮನಿ ಸುಲ್ತಾನರ ಗುಮ್ಮಟಗಳು ಅಲ್ಲಿ ಸಾಲಾಗಿ ನಿಂತಿವೆ. ಚಿತ್ರಕಲೆಯನ್ನು ನೋಡಬಯಸುವವರು ಅಹಮದ್ ಶಾ ವಲಿಯ ಗೋರಿಗೆ ಹೋಗುತ್ತಾರೆ. ವಿಜ್ಞಾನದ ವಿದ್ಯಾರ್ಥಿಯಾದರೋ 1461ರಲ್ಲಿ ತೀರಿಕೊಂಡ ಹುಮಾಯೂನ್ ಶಾನ ಗುಮ್ಮಟದ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಸಿಡಿಲು ಬಡಿದು ಅದರ ಒಂದು ಪಾಲು ಕುಸಿದಿದೆ, ಉಳಿದ ಪಾಲು ಹಾಗೇ ನಿಂತಿದೆ. ಗೋಡೆಯ ದಪ್ಪ, ಗುಮ್ಮಟದ ಬಾಗು ಎಲ್ಲವೂ ಕೊಯ್ದಿಟ್ಟ ಹಣ್ಣಿನಂತೆ ಕಣ್ಣಿಗೆ ಕಾಣುತ್ತವೆ. ಕಟ್ಟಿದ್ದು ಹೇಗೆ ನಿಂತಿತ್ತು ಎಂಬುದನ್ನು ಮನುಷ್ಯ ಬಹುಪಾಲು ಕಲಿತದ್ದು ಅದು ಮುರಿದ ಮೇಲೆಯೇ. ನಾವು ತುಳಿಯುವ ಸೈಕಲ್ಲಿನ ಚೌಕಟ್ಟಿನ ಚರಿತ್ರೆಯೂ ಹಾಗೆಯೇ ಬೆಳೆದು ಬಂದಿದೆ.

ರಸ್ತೆ ಓಟದ ಸೈಕಲ್ ಕೊಳ್ಳಲು ಹೊರಟ ತರುಣರು ಇಂದು ಕೇಳುವ ಮೊದಲ ಪ್ರಶ್ನೆ, ಚೌಕಟ್ಟು ಅಲ್ಯೂಮಿನಿಯಮ್ಮಿನದಿರಬೇಕೋ ಕಾರ್ಬನ್ನಿನದೋ ಎಂಬುದು. ಸೈಕ್ಲಿಂಗಿಗೆ ಹೆಸರಾದ ವಿಜಯಪುರ, ಬಾಗಲಕೋಟೆಗಳಲ್ಲಂತೂ ಇದು ಮನೆಯವರ ಹಣದ ಪ್ರಶ್ನೆಯೂ ಹೌದು. ಅಂಗಡಿಯವನು ತೂಕದ ಲೆಕ್ಕ ಕೊಡುತ್ತಾನೆ. ಆ ಲೆಕ್ಕ ಸುಳ್ಳಲ್ಲ, ಆದರೆ ಅದಷ್ಟೇ ಸಾಲದು. ಬಳಲಿದಾಗ ಈ ವಸ್ತು ಹೇಗೆ ಮುರಿಯುತ್ತದೆ, ಮುರಿಯುವ ಮೊದಲು ನಮಗೇನಾದರೂ ಸುಳಿವು ಕೊಡುತ್ತದೆಯೇ ಎಂದೂ ಕೇಳಬೇಕು.

ನಮ್ಮ ಹಿರಿಯರ ಹರ್ಕ್ಯುಲಿಸ್, ಅಟ್ಲಾಸ್, ಹೀರೋ ಸೈಕಲ್ಲುಗಳ ಚೌಕಟ್ಟು ಉಕ್ಕಿನದು. ತೂಕ ಹೆಚ್ಚು, ನಿಜ. ಆದರೆ ಉಕ್ಕಿಗೊಂದು ದೊಡ್ಡ ಗುಣವಿದೆ. ಒಂದು ಮಿತಿಯೊಳಗಿನ ಹೊರೆಯನ್ನು ಎಷ್ಟು ಲಕ್ಷ ಸಲ ಹೇರಿದರೂ ಅದು ದಣಿಯುವುದಿಲ್ಲ. ಬಿರುಕು ಬಿಟ್ಟರೂ ಹುಮನಾಬಾದಿನಲ್ಲೋ ಭಾಲ್ಕಿಯಲ್ಲೋ ಒಬ್ಬ ಬೆಸುಗೆಯವನು ಸಿಕ್ಕಿಯೇ ಸಿಗುತ್ತಾನೆ.

ಅಲ್ಯೂಮಿನಿಯಮ್ಮಿನ ಸಾಂದ್ರತೆ 2.7, ಉಕ್ಕಿನದು 7.8. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಇದು ಅರಮನೆಯ ಊಟದ ಮೇಜಿನ ಲೋಹವಾಗಿತ್ತು. 1886ರಲ್ಲಿ ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಎರೂ ಇಬ್ಬರೂ ಬೇರೆ ಬೇರೆಯಾಗಿ ವಿದ್ಯುತ್ತಿನಿಂದ ಇದನ್ನು ಬೇರ್ಪಡಿಸುವ ದಾರಿ ಕಂಡುಹಿಡಿದ ಮೇಲೆ ಅಗ್ಗವಾಯಿತು. 1890ರ ದಶಕದಲ್ಲೇ ಅಮೆರಿಕದಲ್ಲಿ ಅಲ್ಯೂಮಿನಿಯಮ್ ಸೈಕಲ್ ಮಾರಾಟಕ್ಕೆ ಬಂತಾದರೂ ಅದು ನೆಲೆಯೂರಲಿಲ್ಲ. ಈ ಲೋಹ ಉಕ್ಕಿಗಿಂತ ಸುಮಾರು ಮೂರು ಪಟ್ಟು ಸುಲಭವಾಗಿ ಬಾಗುತ್ತದೆ. ಇದಕ್ಕೆ ಪರಿಹಾರ ಕೊಳವೆಯ ಆಕಾರದಲ್ಲಿತ್ತು. ಅಷ್ಟೇ ತೂಕದ ಲೋಹವನ್ನು ಇಮ್ಮಡಿ ವ್ಯಾಸದ ತೆಳು ಕೊಳವೆಯಾಗಿ ಮಾಡಿದರೆ ಬಾಗುವಿಕೆಗೆ ಅದು ಒಡ್ಡುವ ತಡೆ ಸುಮಾರು ನಾಲ್ಕು ಪಟ್ಟಾಗುತ್ತದೆ. 1970ರ ದಶಕದಲ್ಲಿ ಅಮೆರಿಕದ ಗ್ಯಾರಿ ಕ್ಲೈನ್ ಈ ದಾರಿ ಹಿಡಿದನು. ಇಂದಿನ ಅಲ್ಯೂಮಿನಿಯಮ್ ಸೈಕಲ್ಲುಗಳ ಕೊಳವೆ ಅಷ್ಟು ದಪ್ಪವಾಗಿ ಕಾಣುವುದು ಅಂದಕ್ಕಾಗಿ ಅಲ್ಲ.

ಆದರೆ ಅಲ್ಯೂಮಿನಿಯಮ್ಮಿಗೆ ಉಕ್ಕಿನಂತಹ ಅಭಯದ ಮಿತಿಯಿಲ್ಲ. ಸಣ್ಣ ಹೊರೆಯೂ ಕೋಟಿಗಟ್ಟಲೆ ಸಲ ಬಿದ್ದರೆ ಕೊನೆಗೊಮ್ಮೆ ಬಿರುಕು ಹುಟ್ಟುತ್ತದೆ. ಜಗತ್ತು ಈ ಪಾಠ ಕಲಿತದ್ದು ಪ್ರಾಣಗಳನ್ನು ತೆತ್ತು. 1954ರ ಜನವರಿ ಮತ್ತು ಏಪ್ರಿಲ್‌ಗಳಲ್ಲಿ ಬ್ರಿಟನ್ನಿನ ಎರಡು ಕಾಮೆಟ್ ಜೆಟ್ ವಿಮಾನಗಳು ಆಕಾಶದಲ್ಲೇ ಒಡೆದು ಇಟಲಿಯ ಬಳಿಯ ಸಮುದ್ರಕ್ಕೆ ಬಿದ್ದವು. ಫಾರ್ನ್‌ಬರೋ ಸಂಶೋಧನಾಲಯದವರು ಅಂತಹುದೇ ವಿಮಾನವೊಂದನ್ನು ನೀರಿನ ತೊಟ್ಟಿಯಲ್ಲಿಟ್ಟು, ಒಳಗಿನ ಒತ್ತಡವನ್ನು ಏರಿಸುತ್ತ ಇಳಿಸುತ್ತ ಹೋದರು. ಅದು ಹಿಂದೆ ಮಾಡಿದ ಹಾರಾಟಗಳನ್ನೂ ಸೇರಿಸಿ ಸುಮಾರು 3,000 ಸಲವಾದಾಗ ಕಿಟಕಿಯೊಂದರ ಮೂಲೆಯಿಂದ ಲೋಹ ಸೀಳಿತು. ‘ಲೋಹದ ದಣಿವು’ ಎಂಬ ಮಾತು ಜನಸಾಮಾನ್ಯರ ಬಾಯಿಗೆ ಬಂದದ್ದು ಆಗ.

ಅದೇ ಫಾರ್ನ್‌ಬರೋದಲ್ಲಿ 1963ರ ಸುಮಾರಿಗೆ ಬಲವಾದ ಇಂಗಾಲದ ಎಳೆಯನ್ನು ತಯಾರಿಸುವ ವಿಧಾನ ಸಿದ್ಧವಾಯಿತು. ಜಪಾನಿನಲ್ಲಿ ಅಕಿಯೊ ಶಿಂಡೊ ಇದಕ್ಕೂ ಮೊದಲೇ ಇದೇ ದಿಕ್ಕಿನಲ್ಲಿ ಕೆಲಸ ಮಾಡಿದ್ದನು. ಕೂದಲಿಗಿಂತ ತೆಳುವಾದ ಈ ಎಳೆಗಳನ್ನು ಅಂಟುರಾಳದಲ್ಲಿ ಅದ್ದಿ, ಪದರದ ಮೇಲೆ ಪದರವಿಟ್ಟು, ಕಾಯಿಸಿ ಗಟ್ಟಿ ಮಾಡಿದ್ದೇ ನಾವು ಕಾರ್ಬನ್ ಎನ್ನುವ ವಸ್ತು. ಸಾಂದ್ರತೆ ಸುಮಾರು 1.6. ಎಳೆಯ ಉದ್ದಕ್ಕೆ ಎಳೆದರೆ ಉಕ್ಕನ್ನೂ ಮೀರುವ ಬಲವಿದೆ. ಅಡ್ಡ ಏಟಿಗೆ ಅಷ್ಟಿಲ್ಲ. ರೋಲ್ಸ್ ರಾಯ್ಸ್ ಕಂಪನಿ ತನ್ನ ಆರ್‌ಬಿ211 ಎಂಜಿನ್ನಿಗೆ ಇದರಿಂದಲೇ ಅಲಗುಗಳನ್ನು ಮಾಡಿತು. ಹಕ್ಕಿ ಬಡಿದರೇನಾಗುತ್ತದೆಂದು ನೋಡಲು ಸತ್ತ ಕೋಳಿಯನ್ನು ಹೊಡೆದಾಗ ಅಲಗುಗಳು ಚೂರಾದವು. ಕಂಪನಿ ಟೈಟಾನಿಯಮ್ಮಿಗೆ ಮರಳಬೇಕಾಯಿತು. ಖರ್ಚಿನ ಹೊರೆ ತಾಳದೆ 1971ರಲ್ಲಿ ದಿವಾಳಿಯೂ ಆಯಿತು.

ನಮ್ಮಲ್ಲೂ ಈ ಎರಡು ಯುಗಗಳಿವೆ. ಬೀದರಿನ ವಾಯುನೆಲೆಯಲ್ಲಿ 1996ರಲ್ಲಿ ಹುಟ್ಟಿದ ಸೂರ್ಯಕಿರಣ ತಂಡ 2011ರವರೆಗೆ ಹಾರಿಸಿದ್ದು ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಕಿರಣ್ ವಿಮಾನಗಳನ್ನು. ಅದು ಲೋಹದ ಒಡಲಿನ ವಿಮಾನ. 2001ರಲ್ಲಿ ಅದೇ ಬೆಂಗಳೂರಿನಲ್ಲಿ ಮೊದಲು ಹಾರಿದ ತೇಜಸ್ಸಿನ ಒಡಲಿನ ತೂಕದಲ್ಲಿ ಸುಮಾರು ಶೇ. 45ರಷ್ಟು ಇಂಗಾಲದ ಎಳೆಯ ಪದರವಸ್ತುವೇ ಇದೆ. ಅದರ ಕೆಲವು ಮುಖ್ಯ ಭಾಗಗಳನ್ನು ರೂಪಿಸಿದ್ದು ನಮ್ಮ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ.

ಸೈಕಲ್ ಓಟದಲ್ಲಿ ಬದಲಾವಣೆ ಇನ್ನೂ ಬೇಗ ಬಂತು. 1986ರಲ್ಲಿ ಗ್ರೆಗ್ ಲೆಮಾಂಡ್ ಕಾರ್ಬನ್ ಕೊಳವೆಯ ಸೈಕಲ್ಲಿನಲ್ಲಿ ಟೂರ್ ಡಿ ಫ್ರಾನ್ಸ್ ಗೆದ್ದನು. 1998ರಲ್ಲಿ ಮಾರ್ಕೊ ಪಂತಾನಿ ಗೆದ್ದದ್ದು ಅಲ್ಯೂಮಿನಿಯಮ್ ಬಿಯಾಂಕಿಯ ಮೇಲೆ. ಆಮೇಲೆ ಆ ಲೋಹಕ್ಕೆ ಅಲ್ಲಿ ಗೆಲುವಿಲ್ಲ. ಹಗುರತನದ ಹುಚ್ಚು ಮಿತಿಮೀರಬಾರದೆಂದು ಅಂತರರಾಷ್ಟ್ರೀಯ ಸಂಸ್ಥೆ 2000ದಿಂದ ಸೈಕಲ್ಲಿನ ಕನಿಷ್ಠ ತೂಕ 6.8 ಕಿಲೋ ಎಂದು ಕಟ್ಟು ಮಾಡಿತು.

ಹೀಗಿರಲು ಬೀದರಿನ ವಿದ್ಯಾರ್ಥಿ ಏನು ಮಾಡಬೇಕು? ಎರಡು ಒಳ್ಳೆಯ ಚೌಕಟ್ಟುಗಳ ನಡುವಿನ ತೂಕದ ಅಂತರ ಸಾಮಾನ್ಯವಾಗಿ ಅರ್ಧ ಕಿಲೋ ಆಸುಪಾಸು, ಅಂದರೆ ಒಂದು ಬಾಟಲಿ ನೀರಿನಷ್ಟು. ಸವಾರನೂ ಸೈಕಲ್ಲೂ ಸೇರಿ ಎಪ್ಪತ್ತು ಕಿಲೋ ಇರುವಾಗ ಇದಕ್ಕಾಗಿ ಸಾಲ ಮಾಡುವುದು ನನಗಂತೂ ಸರಿಕಾಣದು. ಕಾರ್ಬನ್ ರಸ್ತೆಯ ನಡುಕವನ್ನು ಹೀರಿಕೊಳ್ಳುವಂತೆ ಪದರಗಳನ್ನು ಜೋಡಿಸಬಹುದು ಎಂಬುದು ದಿಟ. ಆದರೆ ಗಾಳಿ ಸ್ವಲ್ಪ ಕಡಿಮೆಯಿರುವ ಅಗಲ ಟೈರು ಆ ಕೆಲಸವನ್ನು ಬಹುಪಾಲು ಅಗ್ಗವಾಗಿ ಮಾಡುತ್ತದೆ. ಬಿದ್ದಾಗ ಅಲ್ಯೂಮಿನಿಯಮ್ ತಗ್ಗುತ್ತದೆ, ಬಾಗುತ್ತದೆ, ಕಣ್ಣಿಗೆ ಕಾಣುತ್ತದೆ. ಕಾರ್ಬನ್ನಿನಲ್ಲಿ ಮೇಲಿನ ಬಣ್ಣ ಹೊಳೆಯುತ್ತಿರುವಾಗಲೇ ಒಳಪದರಗಳು ಬಿಟ್ಟುಕೊಂಡಿರಬಹುದು. ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ ನೋಡುವಂತೆ ಬಲ್ಲವರು ನಾಣ್ಯದಿಂದ ಅದನ್ನು ತಟ್ಟುತ್ತ ಹೋಗುತ್ತಾರೆ. ನಾದ ಎಲ್ಲಿ ಮಂಕಾಯಿತೋ ಅಲ್ಲಿ ಅನುಮಾನ. ಎಳೆ ಹಾಕಿ ದುರಸ್ತಿ ಮಾಡುವುದು ಸಾಧ್ಯ, ಆದರೆ ಆ ಕುಶಲಿಗರು ದೊಡ್ಡ ನಗರಗಳಲ್ಲಿ ಮಾತ್ರ.

ರಾಜ್ಯಮಟ್ಟದಲ್ಲಿ ಓಡುವವನಿಗೆ, ಸೈಕಲ್ ನೋಡಿಕೊಳ್ಳಲು ತರಬೇತುದಾರ ಇರುವವನಿಗೆ ಕಾರ್ಬನ್ ಆಗಬಹುದು. ಕಾಲೇಜಿಗೂ ಹೋಗಿ, ಭಾನುವಾರ ಔರಾದಿನವರೆಗೆ ತುಳಿದು ಬರುವವನಿಗೆ ಅಲ್ಯೂಮಿನಿಯಮ್ಮೇ ಇರಲಿ. ಅವನು ವಾರಕ್ಕೊಮ್ಮೆ ಸೈಕಲ್ ತೊಳೆಯುವಾಗ ಹಿಡಿಕೆಯ ಕೆಳಗಿನ ಮತ್ತು ಪೆಡಲ್ ಅಚ್ಚಿನ ಸುತ್ತಲಿನ ಬೆಸುಗೆಗಳನ್ನು ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಬೇಕು. ಕೂದಲೆಳೆಯಂತಹ ಗೆರೆ ಕಂಡ ದಿನ ಆ ಚೌಕಟ್ಟನ್ನು ತುಳಿಯಬಾರದು. ಅದನ್ನು ಬೀದಿಯ ಬೆಸುಗೆಗೆ ಕೊಡುವಂತೆಯೂ ಇಲ್ಲ. ಬೆಸುಗೆಯ ಕಾವಿಗೆ ಸುತ್ತಲಿನ ಲೋಹ ಮೆತ್ತಗಾಗುತ್ತದೆ, ಅದಕ್ಕೆ ಮತ್ತೆ ಗಡಸು ಬರಿಸಲು ಕುಲುಮೆಯ ಉಪಚಾರ ಬೇಕು.