ಲಾಲ್‌ಬಾಗಿನಲ್ಲೊಂದು ಸುತ್ತು



ಹೊಸೂರು, ತಾಳವಾಡಿ, ಮಡಕಶಿರಾ, ರಾಯದುರ್ಗದ ಕಡೆಯಿಂದ ನಾವು ಬೆಂಗಳೂರಿಗೆ ಹೋಗುವುದು ಕೆಲಸವಿದ್ದಾಗ. ಆಸ್ಪತ್ರೆ, ಸಂತೆ ಸಾಮಾನು, ನೆಂಟರ ಮನೆಯ ಮದುವೆ. ಕೆಲಸ ಮುಗಿದು, ಊರಿನ ಬಸ್ಸಿಗೆ ಇನ್ನೂ ಎರಡು ಗಂಟೆ ಇದ್ದರೆ ಏನು ಮಾಡುವುದು? ಇವತ್ತು ನಿಮ್ಮನ್ನು ಲಾಲ್‌ಬಾಗಿಗೆ ಕರೆದುಕೊಂಡು ಹೋಗುತ್ತೇನೆ. ನಿಧಾನವಾಗಿ ನಡೆದರೂ ಒಂದೂವರೆ ಗಂಟೆಯ ದಾರಿ. ವಯಸ್ಸಾದವರೂ ಮಕ್ಕಳೂ ಆಯಾಸವಿಲ್ಲದೆ ನಡೆಯಬಹುದು.

ಡಬಲ್ ರೋಡ್ ಕಡೆಯ ಬಾಗಿಲಲ್ಲಿ ಚೀಟಿ ಕೊಂಡು ಒಳಗೆ ಬನ್ನಿ. ಎದುರಿಗೇ ದೊಡ್ಡ ಬಂಡೆ. ಇದರ ವಯಸ್ಸು ಸುಮಾರು 300 ಕೋಟಿ ವರ್ಷ ಎಂದು ಭೂವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇದನ್ನು ರಾಷ್ಟ್ರೀಯ ಸ್ಮಾರಕವೆಂದು ಗುರುತಿಸಿದೆ. ಮಳೆ ಬಂದಿದ್ದರೆ ಕಾಲು ಜಾರೀತು, ಎಚ್ಚರ. ಬಂಡೆಯ ನೆತ್ತಿಯ ಮೇಲೆ ಒಂದು ಪುಟ್ಟ ಗೋಪುರವಿದೆ. ಕೆಂಪೇಗೌಡರ ವಂಶದವರು ಊರಿನ ನಾಲ್ಕು ದಿಕ್ಕಿಗೆ ಕಟ್ಟಿಸಿದ ಗೋಪುರಗಳಲ್ಲಿ ಇದೂ ಒಂದು. ಊರು ಬೆಳೆದರೆ ಇಲ್ಲಿಯವರೆಗೆ ಬೆಳೆದೀತು ಎಂದು ಹಾಕಿದ ಗಡಿ ಇದು ಎಂಬ ಮಾತು ಜನರಲ್ಲಿ ಉಳಿದುಬಂದಿದೆ. ಮೇಲೆ ನಿಂತು ಸುತ್ತ ನೋಡಿ. ಊರು ಆ ಗಡಿಯನ್ನು ಎಂದೋ ದಾಟಿ ಹೋಗಿದೆ!

ಬಂಡೆ ಇಳಿದು ಮರಗಳ ನೆರಳು ಹಿಡಿದು ಗಾಜಿನ ಮನೆಯ ಕಡೆಗೆ ನಡೆಯೋಣ. ದಾರಿಯಲ್ಲಿ ತೋಟದ ಕತೆ ಕೇಳಿ. 1760ರಲ್ಲಿ ಹೈದರಾಲಿ ಇದನ್ನು ಹಾಕಿಸಿದಾಗ ಕೋಟೆ ಪೇಟೆಗಳ ಆಚೆಗಿದ್ದ ಸುಮಾರು 40 ಎಕರೆ ಜಾಗ ಇದು. ಈಗ 240 ಎಕರೆ. ಶಿರಾದಲ್ಲಿದ್ದ ಮೊಗಲರ ಕಾಲದ ತೋಟ ಇದಕ್ಕೆ ಮಾದರಿಯಾಯಿತು ಎಂದು ಹೇಳುತ್ತಾರೆ. ಮಡಕಶಿರಾದವರೇ, ಶಿರಾ ನಿಮ್ಮ ನೆರೆಯ ಊರೇ ಅಲ್ಲವೇ! ಹೈದರನ ಮಗ ಟಿಪ್ಪು ಹೊರದೇಶಗಳಿಂದ ಬೀಜ, ಸಸಿಗಳನ್ನು ತರಿಸಿ ನೆಡಿಸಿದ. 1799ರಲ್ಲಿ ಟಿಪ್ಪು ಮಡಿದ ಮೇಲೆ ತೋಟ ಇಂಗ್ಲಿಷರ ಕೈಗೆ ಹೋಯಿತು. 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು.

ಇದೋ, ಗಾಜಿನ ಮನೆ. ಲಂಡನ್ನಿನ ಸ್ಫಟಿಕ ಅರಮನೆಯ ಮಾದರಿಯದು. 1889ರಲ್ಲಿ ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಇದಕ್ಕೆ ಅಡಿಗಲ್ಲು ಹಾಕಿದರು. ಗಣರಾಜ್ಯ ದಿನಕ್ಕೂ ಸ್ವಾತಂತ್ರ್ಯ ದಿನಕ್ಕೂ ಇಲ್ಲಿ ಫಲಪುಷ್ಪ ಪ್ರದರ್ಶನ. ಆ ದಿನಗಳಲ್ಲಿ ವಿಪರೀತ ಜನ. ಸಮಾಧಾನವಾಗಿ ನಡೆಯಬೇಕೆನ್ನುವವರು ಬೇರೆ ದಿನ ಬನ್ನಿ.

ಇದು ಕಟ್ಟಿದ ಕಾಲದಲ್ಲಿ ತೋಟದ ಮುಖ್ಯಸ್ಥರಾಗಿದ್ದವರು ಜಾನ್ ಕೆಮರಾನ್. 1874ರಿಂದ 1908ರವರೆಗೆ ಇಲ್ಲಿದ್ದರು. ರೈತರಿಗೆ ಉಪಯೋಗವಾಗುವ ಎಷ್ಟೋ ಹೊರಗಿನ ಗಿಡಗಳನ್ನು ತರಿಸಿ, ಈ ಮಣ್ಣಿಗೆ ಹೊಂದಿಸಿದರು. ಅವರ ನಂತರ ಬಂದವರು ಜರ್ಮನಿಯ ಕ್ರುಂಬಿಗಲ್. 1932ರವರೆಗೆ ಅಧಿಕಾರದಲ್ಲಿದ್ದು, ಮರಳಿ ತಮ್ಮ ದೇಶಕ್ಕೆ ಹೋಗದೆ ಬೆಂಗಳೂರಿನಲ್ಲೇ ಉಳಿದು 1956ರಲ್ಲಿ ತೀರಿಕೊಂಡರು. ಅವರ ಸಮಾಧಿ ಹೊಸೂರು ರಸ್ತೆಯಲ್ಲಿದೆ. ನಿಮ್ಮಲ್ಲಿ ಎಷ್ಟೋ ಜನ ಬಸ್ಸಿನಲ್ಲಿ ಆ ದಾರಿಯಲ್ಲೇ ಓಡಾಡುತ್ತೀರಿ.

ಇನ್ನು ಕೆರೆಯ ಕಡೆಗೆ. ದಂಡೆಯ ಮೇಲೆ ಕೂತು ಕಾಲು ಚಾಚಿ, ಬುತ್ತಿ ತಂದಿದ್ದರೆ ಊರಿಗೆ ಹೋಗಿ ಬಿಚ್ಚಿ; ಇಲ್ಲಿ ಕಸ ಬೇಡ. ತೋಟದಲ್ಲಿ ಕಲ್ಲಾಗಿಹೋದ ಒಂದು ಮರದ ಬೊಡ್ಡೆಯೂ ಇದೆ. ತಮಿಳುನಾಡಿನ ತಿರುವಕ್ಕರೈಯಿಂದ ತಂದದ್ದು, ಸುಮಾರು 2 ಕೋಟಿ ವರ್ಷ ಹಳೆಯದು. ಕೇಳಿದರೆ ಮಾಲಿಗಳು ತೋರಿಸುತ್ತಾರೆ.

ಕೆರೆಯಿಂದ ಪಶ್ಚಿಮದ ಬಾಗಿಲಿಗೆ ಹೊರಟರೆ ನಮ್ಮ ಸುತ್ತು ಮುಗಿಯಿತು. ಹತ್ತಿರದಲ್ಲೇ ಮೆಟ್ರೋ ನಿಲ್ದಾಣವಿದೆ. ಹೊರಡುವ ಮುಂಚೆ ಒಂದು ಮಾತು.

ಕೆಮರಾನ್ ತರಿಸಿದ ಗಿಡಗಳಲ್ಲಿ ಒಂದರ ಕಾಯಿ ನಿಮ್ಮ ಮನೆಯ ಹುಳಿಯಲ್ಲೂ ಬಿದ್ದಿರುತ್ತದೆ. ನಾವು ಕನ್ನಡದಲ್ಲಿ ಅದನ್ನು ಸೀಮೆ ಬದನೆಕಾಯಿ ಎನ್ನುತ್ತೇವೆ. ಅಂದರೆ ಹೊರಸೀಮೆಯಿಂದ ಬಂದದ್ದು. ಅದೇ ಕಾಯಿಗೆ ಪಕ್ಕದ ಮನೆಯ ತಮಿಳರು ಬೆಂಗಳೂರು ಕತ್ತರಿಕ್ಕಾಯ್ ಎನ್ನುತ್ತಾರೆ, ತೆಲುಗರು ಬೆಂಗಳೂರು ವಂಕಾಯ ಎನ್ನುತ್ತಾರೆ. ಅದರ ಮೂಲ ದೂರದ ಮೆಕ್ಸಿಕೋ ಕಡೆ. ನಮಗೆ ಅದು ಹೊರಗಿನದು, ನೆರೆಯವರಿಗೆ ಅದು ನಮ್ಮದು! ಎರಡು ಭಾಷೆ ಆಡುವ ನಮ್ಮಂಥವರಿಗೆ ಮಾತ್ರ ಆ ಎರಡೂ ಹೆಸರು ಒಟ್ಟಿಗೆ ಕೇಳಿಸುತ್ತವೆ.

ಗಡಿಯ ಊರಿನವರಿಗೆ ಆಚೆ ಹೋದರೆ ಈಚೆಯವರು, ಈಚೆ ಬಂದರೆ ಆಚೆಯವರು ಎಂಬ ಮಾತು ತಪ್ಪಿದ್ದಲ್ಲ. ಮನಸ್ಸಿಗೆ ನೋವಾದಾಗ ಈ ತೋಟವನ್ನು ನೆನೆಯಿರಿ. ಇಲ್ಲಿ ನೆರಳು ಕೊಡುವ ಎಷ್ಟೋ ಮರಗಳು ಹೊರಗಿನಿಂದ ಬಂದವು. ಬೇರು ಬಿಟ್ಟ ಮೇಲೆ ಅವುಗಳ ಊರು ಇದೇ.