ಉಪ್ಪಿನ ದಾರಿ, ಓಟದ ದಾರಿ



ಮಡಗಾಂವದ ಮೋತಿ ಡೊಂಗರ್ ಎಂಬ ಹೆಸರು ನಿಮ್ಮಲ್ಲಿ ಹಲವರಿಗೆ ಹೊಸದಲ್ಲ. ಮೋತಿ ಎಂದರೆ ಮುತ್ತು, ಡೊಂಗರ್ ಎಂದರೆ ಗುಡ್ಡ. ನಮ್ಮ ಕಡೆಯಿಂದ ಕೆಲಸ ಹುಡುಕಿಕೊಂಡು ಗೋವೆಗೆ ಹೋದ ಅನೇಕರ ಮನೆಗಳು ಆ ಗುಡ್ಡದ ಇಳಿಜಾರಿನಲ್ಲಿವೆ. ನಿಮ್ಮ ಅಣ್ಣನೋ, ಅಕ್ಕನ ಮಗನೋ ಅಲ್ಲಿರಬಹುದು. ನಸುಕಿನಲ್ಲೇ ಎದ್ದು ನೀರು ತುಂಬಿ, ಬುತ್ತಿ ಕಟ್ಟಿಕೊಂಡು ಗುಡ್ಡ ಇಳಿಯುವವರಿಗೆ ಬೇರೆ ವ್ಯಾಯಾಮ ಏಕೆ ಬೇಕು ಎಂದು ನೀವು ನಗಬಹುದು. ಆದರೆ ಈಗ ಓದಿದ ಮಕ್ಕಳು ಬಂದಿದ್ದಾರೆ. ಬೂಟು ಕಟ್ಟಿಕೊಂಡು ಮುಂಜಾನೆ ಓಡುವ ಆಸೆ ಅವರಿಗಿದೆ. ಅದಕ್ಕೆ ಜಾಗಿಂಗ್ ಎನ್ನುತ್ತಾರೆ. ಊರ ರಸ್ತೆಯ ತುಂಬ ಹೊಗೆ, ವಾಹನ. ಹಾಗಾದರೆ ರೈಲು ಹತ್ತಿ ಹೋಗಿ ಮೊಲೆಂ ಕಾಡಿನ ತಂಪು ಹಾದಿಗಳಲ್ಲಿ ಓಡಬಾರದೇಕೆ ಎಂದು ಅವರು ಕೇಳುತ್ತಾರೆ.

ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಉತ್ತರ ಕೊಡುವ ಮೊದಲು ಇನ್ನೊಂದು ಪ್ರಶ್ನೆ ಕೇಳಬೇಕಾಗುತ್ತದೆ. ಆ ಹಾದಿಗಳನ್ನು ಮಾಡಿದವರು ಯಾರು?

ಮಡಗಾಂವದಿಂದ ಹುಬ್ಬಳ್ಳಿಯ ಕಡೆಗೆ ಹೊರಟ ರೈಲು ಸಾವರ್ಡೆ ದಾಟಿ ಕುಳೆಂ ಸೇರುತ್ತದೆ. ಅಲ್ಲಿಂದ ಮುಂದೆ ಕಾಡು, ಘಟ್ಟ, ದೂಧಸಾಗರ, ಆಮೇಲೆ ನಮ್ಮ ಕ್ಯಾಸಲ್‌ರಾಕ್. ಈ ಇಳಿಜಾರಿನ ಮೊದಲ ದಾರಿಗಾರರು ಮನುಷ್ಯರಲ್ಲ, ಕಾಡುಕೋಣಗಳು. ಭಾರದ ಮೈಯ ಪ್ರಾಣಿ ಕಡಿದಾದ ಏರನ್ನು ನೆಟ್ಟಗೆ ಹತ್ತುವುದಿಲ್ಲ, ಓರೆಯಾಗಿ ಸುತ್ತಿಕೊಂಡು ಹತ್ತುತ್ತದೆ. ನೀರಿರುವ ಕಡೆಗೆ ಹಾದಿ ಹಿಡಿಯುತ್ತದೆ. ದನ ಮೇಯಿಸುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಥ ಜಾಡಿನ ಮೇಲೆ ಮನುಷ್ಯ ಕಾಲಿಟ್ಟರೆ ಅದು ಕಾಲುದಾರಿಯಾಗುತ್ತದೆ.

ಗೋವೆಯ ಕದಂಬರು ಘಟ್ಟದ ಕೆಳಗಿನ ಕೊಂಕಣವನ್ನೂ ಘಟ್ಟದ ಮೇಲಿನ ಹಲಸಿ ನಾಡನ್ನೂ ಒಟ್ಟಿಗೆ ಆಳಿದವರು. ಖಾನಾಪುರದ ಹತ್ತಿರದ ಹಲಸಿಯನ್ನು ನೀವು ನೋಡಿರಬಹುದು. ಒಂದೇ ಮನೆತನ ಮೇಲೂ ಕೆಳಗೂ ಆಳಬೇಕಾದರೆ ನಡುವೆ ಜನ ಹತ್ತಿ ಇಳಿಯಲೇಬೇಕಲ್ಲ! ಕಾಡಿನೊಳಗೆ ತಾಂಬಡಿ ಸುರ್ಲದಲ್ಲಿ ಕರಿಕಲ್ಲಿನ ಮಹಾದೇವ ದೇವಾಲಯ ಇಂದಿಗೂ ನಿಂತಿದೆ. ಅದು 12–13ನೇ ಶತಮಾನದ ಕಟ್ಟಡವೆಂದು ತಿಳಿದವರು ಹೇಳುತ್ತಾರೆ. ಈಗ ನಿರ್ಜನವೆನಿಸುವ ಆ ಜಾಗ ಒಂದು ಕಾಲಕ್ಕೆ ಜನ ಓಡಾಡುವ ಮಾರ್ಗದ ಬಳಿಯಲ್ಲಿತ್ತು. ಜನ ಬಾರದ ಕಡೆ ಯಾರು ಅಂಥ ಗುಡಿ ಕಟ್ಟಿಸುತ್ತಾರೆ?

ಆಮೇಲೆ ಉಪ್ಪಿನ ಕಾಲ. ಗೋವೆಯ ಆಗರಗಳ ಉಪ್ಪು ಹೇರೆತ್ತುಗಳ ಬೆನ್ನೇರಿ ಘಟ್ಟದ ಮೇಲೆ ಬರುತ್ತಿತ್ತು. ಲಂಬಾಣಿ ತಾಂಡಾಗಳು ಎತ್ತುಗಳ ಸಾಲು ಕಟ್ಟಿಕೊಂಡು ದಿನಗಟ್ಟಲೆ ನಡೆಯುತ್ತಿದ್ದವು. ಮೇಲಿನಿಂದ ದವಸಧಾನ್ಯ ಇಳಿಯುತ್ತಿತ್ತು, ಕೆಳಗಿನಿಂದ ಉಪ್ಪು ಏರುತ್ತಿತ್ತು. ನಮ್ಮ ಅಜ್ಜ ಅಜ್ಜಿಯರ ಗಂಜಿಗೆ ರುಚಿ ಬಂದದ್ದು ಈ ಹಾದಿಗಳಿಂದ.

ಈ ಉಪ್ಪಿನ ದಾರಿಗೆ ಪೆಟ್ಟು ಬಿದ್ದದ್ದು ಕಾಡಿನಿಂದಲ್ಲ, ಕಾಗದದಿಂದ. 1878ರಲ್ಲಿ ಬ್ರಿಟಿಷರೂ ಪೋರ್ಚುಗೀಸರೂ ಒಂದು ಒಪ್ಪಂದ ಮಾಡಿಕೊಂಡರು. ಗೋವೆಯ ಉಪ್ಪಿನ ತಯಾರಿಕೆ ಬ್ರಿಟಿಷರ ಹಿಡಿತಕ್ಕೆ ಹೋಯಿತು. ಜೊತೆಗೆ ಮುರಗಾಂವ ಬಂದರಿನಿಂದ ಘಟ್ಟ ಹತ್ತುವ ರೈಲಿನ ಏರ್ಪಾಡೂ ಆಯಿತು. 1892ರಲ್ಲಿ ಆ ಒಪ್ಪಂದ ಕೊನೆಗೊಂಡಿತು. ಆದರೆ 1888ರಲ್ಲೇ ಹಳಿ ಕ್ಯಾಸಲ್‌ರಾಕ್ ಮುಟ್ಟಿತ್ತು. 37 ಅಡಿ ಮುಂದೆ ಹೋದರೆ ಒಂದು ಅಡಿ ಏರುವ ಕಡಿದಾದ ಘಟ್ಟ ಅದು. ಎತ್ತು ದಿನಗಟ್ಟಲೆ ಹೊತ್ತದ್ದನ್ನು ರೈಲು ಗಂಟೆಗಳಲ್ಲಿ ಎಳೆಯಿತು. ಹೇರೆತ್ತುಗಳ ಗಂಟೆಯ ಸದ್ದು ನಿಧಾನವಾಗಿ ಅಡಗಿತು. ಎಷ್ಟೋ ಜಾಡುಗಳ ಮೇಲೆ ಮತ್ತೆ ಹುಲ್ಲು ಬೆಳೆಯಿತು.

ಹಾದಿ ಎಂದರೆ ಬರೀ ವ್ಯಾಪಾರವಲ್ಲ. 1955ರ ಆಗಸ್ಟ್ 15ರಂದು ಗೋವಾ ವಿಮೋಚನೆಗಾಗಿ ಸತ್ಯಾಗ್ರಹಿಗಳು ಹಲವು ಕಡೆಗಳಿಂದ ಬರಿಗೈಯಲ್ಲಿ ಗಡಿ ದಾಟಿದರು. ಕ್ಯಾಸಲ್‌ರಾಕ್ ಕಡೆಯಿಂದಲೂ ಹೋದರು. ಅಂದು ಪೋರ್ಚುಗೀಸರ ಗುಂಡಿಗೆ ಇಪ್ಪತ್ತಕ್ಕೂ ಹೆಚ್ಚು ಜನ ಬಲಿಯಾದರು. ಗಡಿ ಮುಚ್ಚಿತು, ರೈಲು ನಿಂತಿತು. 1961ರ ಡಿಸೆಂಬರ್ 19ರಂದು ಗೋವಾ ಬಿಡುಗಡೆಯಾದ ಮೇಲೆ ಘಟ್ಟದ ದಾರಿ ಮತ್ತೆ ನಮ್ಮದಾಯಿತು.

ನಮ್ಮದು ಎಂದೆ. ಅಷ್ಟರಲ್ಲೇ ಇನ್ನೊಂದು ಗೆರೆ ಬಂತು. 1969ರಲ್ಲಿ ಈ ಕಾಡು ಭಗವಾನ್ ಮಹಾವೀರ ಅಭಯಾರಣ್ಯವಾಯಿತು. ವಿಸ್ತಾರ 240 ಚದರ ಕಿಲೋಮೀಟರ್. ಅದರ ನಡುವಿನ 107 ಚದರ ಕಿಲೋಮೀಟರ್ 1978ರಲ್ಲಿ ಮೊಲೆಂ ರಾಷ್ಟ್ರೀಯ ಉದ್ಯಾನವಾಯಿತು. ಗಡಿಯ ಈಚೆ 1956ರಲ್ಲಿ ದಾಂಡೇಲಿ ಅಭಯಾರಣ್ಯ, 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನ ಆದವು. ಇವೆರಡೂ ಸೇರಿದ ಹುಲಿ ಕಾಡಿಗೆ 2015ರಿಂದ ಕಾಳಿ ಎಂಬ ಹೆಸರಿದೆ. ರಾಜ್ಯಗಳು ಎರಡು, ಕಾಡು ಒಂದೇ. ಹುಲಿಗೆ ಅಣಮೋಡದ ತನಿಖಾ ಠಾಣೆ ಲೆಕ್ಕಕ್ಕಿಲ್ಲ.

1972ರ ವನ್ಯಜೀವಿ ಕಾಯಿದೆಯ ಪ್ರಕಾರ ಅಭಯಾರಣ್ಯದೊಳಗೆ ಯಾರು ಬೇಕಾದರೂ ಹೋಗುವಂತಿಲ್ಲ. ಕರ್ತವ್ಯದ ಮೇಲಿರುವವರು, ಒಳಗೆ ಹಕ್ಕಿನ ಆಸ್ತಿ ಇರುವವರು, ಹೆದ್ದಾರಿಯಲ್ಲಿ ಹಾದುಹೋಗುವವರು, ಪರವಾನಗಿ ಪಡೆದವರು ಹೋಗಬಹುದು. ಪ್ರವಾಸಿಗೆ ಪರವಾನಗಿ ಚೀಟಿ ಸಿಗುತ್ತದೆ. ಆದರೆ ತಲೆತಲಾಂತರದಿಂದ ಎಮ್ಮೆ ಹೊಡೆದುಕೊಂಡು ತಿರುಗಿದ ಗವಳಿ ಧನಗರರು ಯಾವ ಚೀಟಿ ತೋರಿಸಬೇಕು? ಅವರ ಕಾಲೇ ಅವರ ಚೀಟಿಯಾಗಿತ್ತು. ಇಂಥವರ ಹಕ್ಕನ್ನು ಬರಹದಲ್ಲಿ ಒಪ್ಪಿಕೊಳ್ಳುವ ಅರಣ್ಯ ಹಕ್ಕು ಕಾಯಿದೆ ಬಂದದ್ದು 2006ರಲ್ಲಿ, ಅಂದರೆ ಅಭಯಾರಣ್ಯವಾಗಿ 37 ವರ್ಷಗಳಾದ ಮೇಲೆ. ಹಾಲು ಕೊಂಡೊಯ್ಯುವವನನ್ನು ತಡೆದು, ಬೆವರು ಹರಿಸಲು ಬಂದವನಿಗೆ ಬಾಗಿಲು ತೆರೆದರೆ ಅದು ನ್ಯಾಯವೇ? ನೀವೇ ಯೋಚಿಸಿ.

ಇನ್ನು ಓಟದ ಮಾತು. ಜಾಗಿಂಗ್ ಮಾಡುವವರಿಗೆ ಹಿತವಾದ ಹೊತ್ತು ನಸುಕು ಮತ್ತು ಮುಸ್ಸಂಜೆ. ಕಾಡುಕೋಣ, ಕಡವೆ, ಚಿರತೆ ಓಡಾಡುವ ಹೊತ್ತೂ ಅದೇ. ನಿಧಾನವಾಗಿ ನಡೆಯುವವನ ಸದ್ದು ಪ್ರಾಣಿಗೆ ದೂರದಿಂದಲೇ ತಿಳಿಯುತ್ತದೆ. ಅದಕ್ಕೆ ಸರಿಯಲು ಸಮಯ ಸಿಗುತ್ತದೆ. ತಿರುವಿನಲ್ಲಿ ಓಡಿ ಬಂದವನು ಮರಿಯಿರುವ ಕರಡಿಯ ಮುಂದೆ ನಿಂತರೆ ಇಬ್ಬರಿಗೂ ಸಮಯ ಇರುವುದಿಲ್ಲ. ಕಿವಿಗೆ ಹಾಡು ಸಿಕ್ಕಿಸಿಕೊಂಡಿದ್ದರಂತೂ ಮುಗಿಯಿತು.

ಇನ್ನೊಂದು ಸಂಗತಿ ಗಮನಿಸಿ. ಮಳೆಗಾಲದಲ್ಲಿ ಕಾಲುದಾರಿಯ ನಡುವೆ ಕೆಸರಾಗುತ್ತದೆ. ಓಡುವವರು ಬದಿಗೆ ಸರಿದು ಓಡುತ್ತಾರೆ. ಮರುದಿನ ಆ ಬದಿಯೂ ಕೆಸರು. ಒಂದಡಿಯ ಹಾದಿ ನಾಲ್ಕಡಿಯಾಗುತ್ತದೆ. ತುಳಿದು ಗಟ್ಟಿಯಾದ ನೆಲ ನೀರು ಕುಡಿಯುವುದಿಲ್ಲ. ಘಟ್ಟದ ಮಳೆ ಅದನ್ನೇ ಕಾಲುವೆ ಮಾಡಿಕೊಂಡು ಮಣ್ಣು ಕೊಚ್ಚುತ್ತದೆ. ಕಾಡಿನ ಹಾದಿಯ ಆಯುಷ್ಯ ಇರುವುದು ಅದು ಕಿರಿದಾಗಿರುವುದರಲ್ಲಿ.

ದೊಡ್ಡ ದಾರಿಗಳ ಕಥೆಯೂ ಇದೇ. ಜೋಡಿ ಹಳಿ, ಅಗಲ ಹೆದ್ದಾರಿ, ವಿದ್ಯುತ್ ತಂತಿ ಎಂಬ ಮೂರು ಯೋಜನೆಗಳು ಮೊಲೆಂ ಕಾಡನ್ನು ಸೀಳಲಿವೆ ಎಂದು 2020ರಲ್ಲಿ ಗೋವೆಯ ಜನ ಎದ್ದು ನಿಂತರು. ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗಿನ ಜೋಡಿ ಹಳಿಗೆ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಕೊಟ್ಟಿದ್ದ ಒಪ್ಪಿಗೆಯನ್ನು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಆದರೆ ಕೋರ್ಟು ಕಾಯಬಲ್ಲದ್ದು ದೊಡ್ಡ ದಾರಿಯನ್ನು. ಸಣ್ಣ ಹಾದಿಯನ್ನು ಕಾಯಬೇಕಾದವರು ನಡೆಯುವವರೇ. 2023ರ ಜುಲೈನಲ್ಲಿ ದೂಧಸಾಗರ ನೋಡಲು ನೂರಾರು ಜನ ಹಳಿಯ ಮೇಲೇ ನಡೆದು ಹೊರಟಾಗ ಪೊಲೀಸರು ತಡೆಯಬೇಕಾಯಿತು. ಕೆಲವರಿಗೆ ಬಸ್ಕಿ ಹೊಡೆಸಿದ ಚಿತ್ರವನ್ನು ನೀವೂ ಕಂಡಿರಬಹುದು. ನಗು ಬರುತ್ತದೆ, ನಿಜ. ಆದರೆ ಒಂದು ಹಳಿ, ಒಂದು ಸುರಂಗ, ಎದುರಿಗೆ ರೈಲು ಎಂದು ನೆನೆದರೆ ನಗು ನಿಲ್ಲುತ್ತದೆ.

ಹಾಗಾದರೆ ಕಾಡಿಗೆ ಹೋಗಲೇಬಾರದೇ? ಹೋಗಬೇಕು. ಮೊಲೆಂನಲ್ಲಿ ಅರಣ್ಯ ಇಲಾಖೆ ಗುರುತಿಸಿದ ಹಾದಿಗಳಿವೆ. ಚೀಟಿ ಪಡೆದು, ಹೊತ್ತು ನೋಡಿಕೊಂಡು, ತಿಳಿದವರ ಜೊತೆ ನಡೆದುಹೋಗಿ. ಓಡಲು ಊರಿನ ಮೈದಾನವಿದೆ, ಕಡಲ ದಂಡೆಯಿದೆ. ಮೋತಿ ಡೊಂಗರಿನಲ್ಲಿರುವ ನಿಮ್ಮ ತಮ್ಮ ಈ ಸಲ ಹಬ್ಬಕ್ಕೆ ಬರುವಾಗ ಅದೇ ರೈಲಿನಲ್ಲಿ ಅದೇ ಘಟ್ಟ ಹತ್ತುತ್ತಾನೆ. ಕಿಟಕಿಯ ಹೊರಗೆ ನೋಡಲು ಅವನಿಗೆ ಹೇಳಿ. ಆ ಹಸಿರಿನಡಿಯಲ್ಲೇ ಉಪ್ಪು ಹೊತ್ತ ಎತ್ತಿನ ಜಾಡಿದೆ. ಅವಸರವಿದ್ದವರು ಮಾಡಿದ ಹಾದಿಯಲ್ಲ ಅದು. ಅವಸರದಿಂದ ಅದನ್ನು ಸವೆಸಬಾರದು.